ಒಂದು ಡಾಲರಿನ ಬಫೆ ಯಾರಿಗೆ?

ಊರಿಂದ ಅಪ್ಪ ಅಮ್ಮ ಬಂದಾಗ ನೀವೂ ಅವರನ್ನು ಲಾಸ್ ವೆಗಾಸ್‌ಗೆ ಕರೆದುಕೊಂಡು ಹೋಗಿರಬಹುದು. ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವ ನೆಪ, ದಾರಿಯಲ್ಲಿ ಎರಡು ರಾತ್ರಿ ವೆಗಾಸ್. ಅಪ್ಪ ಜೂಜಿನ ಮೇಜಿನ ಹತ್ತಿರವೂ ಸುಳಿಯುವುದಿಲ್ಲ. ಅಮ್ಮ ಸ್ಲಾಟ್ ಮಷೀನಿಗೆ ಒಂದು ಡಾಲರ್ ಹಾಕಿ "ಅಯ್ಯೋ, ಹೋಯ್ತಲ್ಲ!" ಅಂತಾರೆ. ಆಮೇಲೆ ಎಲ್ಲರೂ ಬಫೆಗೆ. ಸಸ್ಯಾಹಾರಿಗಳ ತಟ್ಟೆಗೆ ಬೀಳೋದು ಸಲಾಡು, ಪಾಸ್ತಾ, ಬೇಯಿಸಿದ ಜೋಳ. ಕೊಟ್ಟ ದುಡ್ಡನ್ನು ಕೇಕಿನಲ್ಲಿ ವಸೂಲು ಮಾಡಬೇಕು.

ಒಂದು ಗಮನಿಸಿ. ರೂಮಿನಿಂದ ಊಟಕ್ಕೆ ಹೋಗಬೇಕಾದರೂ ಕ್ಯಾಸಿನೋ ಮಧ್ಯದಿಂದಲೇ ಹಾದು ಹೋಗಬೇಕು. ಊಟ ಅಲ್ಲಿ ಹುಟ್ಟಿದ್ದೇ ಜೂಜಿನ ಸೇವೆಗೆ. ಮೊನ್ನೆಯ ಸಂಚಿಕೆಯಲ್ಲಿ ಬಗ್ಸಿ ಸೀಗಲ್, ಫ್ಲೆಮಿಂಗೊ, ಮಾಫಿಯಾ ಎಲ್ಲ ಮಾತಾಡಿದ್ದಾಯ್ತು. ಇಲ್ಲಿ ಬರೆಯೋದು ಊಟದ ಮೇಜಿನ ಕಥೆ: ಅಲ್ಲಿ ಯಾರು ಕೂತರು, ಯಾರನ್ನು ಕೂರಿಸಲಿಲ್ಲ ಅನ್ನೋದು.

ನೆವಾಡಾದಲ್ಲಿ ಜೂಜು ಕಾನೂನುಬದ್ಧವಾದದ್ದು 1931ರ ಮಾರ್ಚ್‌ನಲ್ಲಿ. ಮೊದಲ ಹತ್ತು ವರ್ಷ ಅದೆಲ್ಲ ಹೆಚ್ಚಾಗಿ ಊರೊಳಗಿನ ಫ್ರೀಮಾಂಟ್ ಸ್ಟ್ರೀಟ್‌ನ ವ್ಯಾಪಾರ. 1941ರ ಏಪ್ರಿಲ್‌ನಲ್ಲಿ ಥಾಮಸ್ ಹಲ್ ಎಂಬ ಹೋಟೆಲುಗಾರ ಊರಿನ ಎಲ್ಲೆಯಾಚೆ, ಲಾಸ್ ಏಂಜಲೀಸ್‌ನಿಂದ ಬರುವ ಹೆದ್ದಾರಿ 91ರ ಪಕ್ಕ ಎಲ್ ರಾಂಚೋ ವೆಗಾಸ್ ಕಟ್ಟಿಸಿದ. ಇವತ್ತು ನಾವು ‘ಸ್ಟ್ರಿಪ್’ ಅನ್ನೋ ಬೀದಿಯ ಮೊದಲ ರೆಸಾರ್ಟ್ ಅದು. ಮರುಭೂಮಿಯ ಧಗೆಯಲ್ಲಿ ಕಾರು ಓಡಿಸಿ ಬಂದವರ ಕಣ್ಣಿಗೆ ಬೀಳಲಿ ಅಂತ ಈಜುಕೊಳವನ್ನು ಹಿತ್ತಲಲ್ಲಿಡದೆ ರಸ್ತೆಗೆ ಕಾಣುವ ಹಾಗೆ ಮುಂದೆಯೇ ಇಟ್ಟ. ಬುದ್ಧಿವಂತ.

ಬಫೆ ಶುರುವಾದದ್ದೂ ಇದೇ ಹೋಟೆಲಿನಲ್ಲಿ, 1940ರ ದಶಕದ ಕೊನೆಯ ಭಾಗದಲ್ಲಿ. ಆಗ ಹೋಟೆಲು ಬೆಲ್ಡನ್ ಕ್ಯಾಟಲ್‌ಮನ್ ಕೈಯಲ್ಲಿತ್ತು. ರಾತ್ರಿಯ ಕೊನೆಯ ಶೋ ಮುಗಿದ ಮೇಲೆ ಜನ ಹಸಿದು ಎದ್ದು ಹೋಗಬಾರದು, ಇದೇ ಅವನ ಚಿಂತೆ. ಒಂದು ಡಾಲರಿಗೆ ಹೊಟ್ಟೆ ತುಂಬುವಷ್ಟು ಊಟ, ಹೆಸರು ‘ಬಕರೂ ಬಫೆ’. ಊಟದಲ್ಲಿ ನಷ್ಟ ಆದರೂ ಚಿಂತೆಯಿಲ್ಲ, ಉಂಡವನು ಮತ್ತೆ ಮೇಜಿಗೆ ಮರಳಿದರೆ ಸಾಕು. ಅಕ್ಕಪಕ್ಕದ ಹೋಟೆಲುಗಳೂ ಇದನ್ನೇ ಹಿಡಿದವು. ಮುಂದಿನ ನಲವತ್ತು ವರ್ಷ ವೆಗಾಸ್ ಅಂದರೆ ಅಗ್ಗದ ಊಟ ಅಂತಲೇ ಮಾತು.

ಆದರೆ ಆ ಒಂದು ಡಾಲರ್ ನಿಮ್ಮ ಕೈಯಲ್ಲಿದ್ದರೆ ಸಾಲುತ್ತಿರಲಿಲ್ಲ. ಚರ್ಮ ಬಿಳಿಯಾಗಿರಬೇಕಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಪಕ್ಕದ ಹೆಂಡರ್ಸನ್ನಿನ ಮೆಗ್ನೀಸಿಯಮ್ ಕಾರ್ಖಾನೆಯ ಕೆಲಸಕ್ಕೆ ಅರ್ಕಾನ್ಸಾದ ಫೋರ್ಡೈಸ್, ಲೂಯಿಸಿಯಾನಾದ ಟಲ್ಲೂಲಾದಂಥ ಸಣ್ಣ ಊರುಗಳಿಂದ ಕಪ್ಪು ಜನ ಗುಂಪುಗುಂಪಾಗಿ ಬಂದರು. ಅವರಿಗೆ ಸಿಕ್ಕ ಜಾಗ ರೈಲ್ವೆ ಹಳಿಯ ಆಚೆಗಿನ ವೆಸ್ಟ್‌ಸೈಡ್. ಅಲ್ಲಿ ಡಾಂಬರಿಲ್ಲ, ಒಳಚರಂಡಿಯಿಲ್ಲ. ಯುದ್ಧ ಮುಗಿದ ಮೇಲೆ ಅವರಲ್ಲಿ ಬಹಳ ಜನಕ್ಕೆ ಸ್ಟ್ರಿಪ್‌ನ ಹೋಟೆಲುಗಳೇ ಅನ್ನ ಕೊಟ್ಟವು. ಹಾಸಿಗೆ ಹಾಸುವುದು, ಪಾತ್ರೆ ತೊಳೆಯುವುದು, ಅಡುಗೆಮನೆಯ ಚಾಕರಿ. ಎಲ್ಲವೂ ಗಿರಾಕಿಯ ಕಣ್ಣಿಗೆ ಬೀಳದ ಕೆಲಸ. ತಾವೇ ತೊಳೆದಿಟ್ಟ ತಟ್ಟೆಯಲ್ಲಿ ಹೊರಗೆ ಕೂತು ಉಣ್ಣುವ ಹಾಗಿರಲಿಲ್ಲ. ಈ ಊರಿಗೆ ‘ಪಶ್ಚಿಮದ ಮಿಸಿಸಿಪ್ಪಿ’ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ವೇದಿಕೆಯ ಮೇಲಿದ್ದವರಿಗೂ ಇದೇ ನಿಯಮ. ನ್ಯಾಟ್ ಕಿಂಗ್ ಕೋಲ್, ಲೀನಾ ಹಾರ್ನ್, ಸ್ಯಾಮಿ ಡೇವಿಸ್ ಜೂನಿಯರ್‌ರಂಥವರ ಹೆಸರು ಹೊರಗೆ ದೀಪದ ಅಕ್ಷರದಲ್ಲಿ ಹೊಳೆಯಬಹುದು. ಹಾಡು ಮುಗಿದ ಮೇಲೆ ಹೊರಗೆ ಹೋಗುವ ದಾರಿ ಅಡುಗೆಮನೆಯ ಬಾಗಿಲು. ಮಲಗೋದು ವೆಸ್ಟ್‌ಸೈಡ್‌ನ ಬೋರ್ಡಿಂಗ್ ಮನೆಯಲ್ಲಿ. ದೊಡ್ಡ ತಾರೆಗಳು ಹಟ ಹಿಡಿದು ಒಬ್ಬೊಬ್ಬರಾಗಿ ವಿನಾಯಿತಿ ಪಡೆದರು, ನಿಜ. ಆದರೆ ವಿನಾಯಿತಿ ಬೇರೆ, ಹಕ್ಕು ಬೇರೆ. ಕಪ್ಪು ನಟಿಯೊಬ್ಬಳು ಕಾಲ್ಬೆರಳು ಅದ್ದಿದಳು ಅಂತ ಈಜುಕೊಳವನ್ನೇ ಖಾಲಿ ಮಾಡಿಸಿದ ಕಥೆ ನೀವು ಕೇಳಿರುತ್ತೀರಿ. ಹೇಳುವವರು ಬದಲಾದ ಹಾಗೆ ಅದರಲ್ಲಿ ಹೋಟೆಲೂ ತಾರೆಯೂ ಬದಲಾಗುತ್ತಾರೆ, ಹಾಗಾಗಿ ಸಂಚಿಕೆಯಲ್ಲಿ ಅದನ್ನು ಸೇರಿಸಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅಂಥ ಕಥೆಯ ಸಹಾಯ ಬೇಕಿಲ್ಲ.

ಇದನ್ನು ಓದುವಾಗ ನಮ್ಮವರಿಗೆ ಪಂಕ್ತಿಭೇದ ನೆನಪಾಗದೆ ಇರದು. ‘ಬ್ರಾಹ್ಮಣರ ಹೋಟೆಲ್’ ಎಂಬ ಬೋರ್ಡು, ಜಾತಿಗೊಂದು ಕೂರುವ ಜಾಗ, ಇವೆಲ್ಲ ನಮ್ಮ ಅಜ್ಜಂದಿರು ಕಂಡದ್ದೇ. ಒಂದು ವಿಷಯ ಮಾತ್ರ ಹೇಳಬೇಕು. ಸಾರ್ವಜನಿಕ ಹೋಟೆಲು, ಉಪಾಹಾರಗೃಹಗಳಲ್ಲಿ ಯಾರನ್ನೂ ಜಾತಿ, ಧರ್ಮ, ಜನಾಂಗದ ಕಾರಣಕ್ಕೆ ತಡೆಯಬಾರದು ಅಂತ ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಬರೆದಿತ್ತು. ಅಮೆರಿಕದಲ್ಲಿ ಅಂಥ ಕಾನೂನು ಬಂದದ್ದು 1964ರಲ್ಲಿ. ಬರೆದದ್ದು ನಡೆಯಿತೇ ಅನ್ನೋದು ಬೇರೆ ಪ್ರಶ್ನೆ, ಎರಡೂ ಕಡೆ.

1955ರ ಮೇ 24ರಂದು ವೆಸ್ಟ್‌ಸೈಡ್‌ಗೆ ಹತ್ತಿಕೊಂಡಿದ್ದ ಬೊನಾಂಜಾ ರಸ್ತೆಯಲ್ಲಿ ಮೂಲಾ ರೂಜ್ ತೆರೆಯಿತು. ಕಪ್ಪು ಬಿಳಿ ಎನ್ನದೆ ಎಲ್ಲರಿಗೂ ರೂಮು, ಊಟ, ಆಟ. ಊರಿಗೇ ಮೊದಲನೆಯದು. ಬಾಕ್ಸರ್ ಜೋ ಲೂಯಿ ಅತಿಥಿಗಳನ್ನು ಸ್ವಾಗತಿಸಲು ನಿಂತಿರುತ್ತಿದ್ದರು. ಸ್ಟ್ರಿಪ್‌ನಲ್ಲಿ ಕಾರ್ಯಕ್ರಮ ಮುಗಿಸಿದ ಕಲಾವಿದರು ನಡುರಾತ್ರಿ ಕಳೆದ ಮೇಲೆ ಇಲ್ಲಿಗೆ ಬರೋರು. ಅವರ ಹಿಂದೆ ಅವರ ಅಭಿಮಾನಿಗಳು, ಹಾಗೆಂದರೆ ಸ್ಟ್ರಿಪ್‌ನ ಗಿರಾಕಿಗಳೂ. ಜೂನ್ 20ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಇಲ್ಲಿಯ ನರ್ತಕಿಯರ ಚಿತ್ರ. ಆ ವರ್ಷ ಮುಗಿಯುವ ಮೊದಲೇ ಹೋಟೆಲು ಮುಚ್ಚಿತು. ಬಂಡವಾಳ ಕಡಿಮೆ, ಸಾಲ ಜಾಸ್ತಿ, ನಿರ್ವಹಣೆ ಕೆಟ್ಟದು. ಅದೇ ವರ್ಷ ರಿವಿಯೆರಾ, ಡ್ಯೂನ್ಸ್ ಎಲ್ಲ ತೆರೆದು ಊರಿನಲ್ಲಿ ಗಿರಾಕಿಗಿಂತ ರೂಮೇ ಹೆಚ್ಚಾಗಿತ್ತು. ಸ್ಟ್ರಿಪ್‌ನವರೇ ಸೇರಿ ಮುಗಿಸಿದರು ಅನ್ನೋರೂ ಇದ್ದಾರೆ. ಲೆಕ್ಕದ ಪುಸ್ತಕವೇ ಸಾಕಿತ್ತು ಅಂತ ನನಗನ್ನಿಸುತ್ತೆ.

ಬಾಗಿಲು ತೆರೆಸಿದ್ದು ಒಬ್ಬ ಹಲ್ಲಿನ ಡಾಕ್ಟರು. 1960ರ ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋದ ನಾಲ್ವರು ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರಿನಲ್ಲಿ ಕೂತು ಏಳದೇ ಹೋದದ್ದು ದೇಶವನ್ನೇ ಅಲುಗಾಡಿಸಿತ್ತು. ವೆಗಾಸ್‌ನ ಎನ್‌ಎಎಸಿಪಿ ಅಧ್ಯಕ್ಷ ಜೇಮ್ಸ್ ಮ್ಯಾಕ್‌ಮಿಲನ್ ಮೇಯರ್‌ಗೆ ಗಡುವು ಕೊಟ್ಟರು: ಮಾರ್ಚ್ 26ರೊಳಗೆ ಹೋಟೆಲುಗಳು ಎಲ್ಲರಿಗೂ ತೆರೆಯಬೇಕು, ಇಲ್ಲವಾದರೆ ಸ್ಟ್ರಿಪ್‌ನಲ್ಲಿ ಮೆರವಣಿಗೆ. ಟೀವಿ ಕ್ಯಾಮೆರಾ ಮುಂದೆ ಕ್ಯಾಸಿನೋ ಬಾಗಿಲಲ್ಲಿ ಗಲಾಟೆ ಆಗೋದು ಮಾಲೀಕರಿಗೆ ಬೇಕಿರಲಿಲ್ಲ. ರಜೆಗೆ ಬರೋರು ಹೆದರಿದರೆ ಮೇಜು ಖಾಲಿ. ಗಡುವಿನ ದಿನ, ಮುಚ್ಚಿದ್ದ ಅದೇ ಮೂಲಾ ರೂಜ್‌ನಲ್ಲಿ ಸಭೆ ಸೇರಿತು. ಗವರ್ನರ್ ಗ್ರಾಂಟ್ ಸಾಯರ್, ಮೇಯರ್ ಓರನ್ ಗ್ರಾಗ್ಸನ್, ‘ಲಾಸ್ ವೆಗಾಸ್ ಸನ್’ ಪತ್ರಿಕೆಯ ಹ್ಯಾಂಕ್ ಗ್ರೀನ್‌ಸ್ಪನ್ ಒಪ್ಪಂದದ ಹಿಂದಿದ್ದರು. ಬಹುತೇಕ ಹೋಟೆಲುಗಳು ಒಪ್ಪಿದವು, ಡೌನ್‌ಟೌನಿನ ಒಂದೆರಡು ಮುಖ ತಿರುಗಿಸಿದವು. ನೆವಾಡಾ ರಾಜ್ಯದ ಕಾನೂನು ಬರಲು ಇನ್ನೂ ಐದು ವರ್ಷ ಬೇಕಾಯಿತು.

ಕೂರಲು ಬಿಟ್ಟರು, ಸರಿ. ಬಿಲ್ ಕೊಡಲು ದುಡ್ಡು?

ರೂಬಿ ಡಂಕನ್ ಅನ್ನೋ ಹೆಂಗಸು ಟಲ್ಲೂಲಾ ಕಡೆಯಿಂದ ಬಂದವರು. ಸಹಾರಾ ಹೋಟೆಲಿನ ಅಡುಗೆಮನೆಯಲ್ಲಿ ನೆಲಕ್ಕೆ ಚೆಲ್ಲಿದ್ದ ಎಣ್ಣೆಯ ಮೇಲೆ ಜಾರಿ ಬಿದ್ದು ದುಡಿಯಲಾಗದ ಹಾಗಾದರು. ಮನೆ ತುಂಬ ಮಕ್ಕಳು, ಆಧಾರಕ್ಕೆ ಸರ್ಕಾರದ ಸಹಾಯಧನ. ಆ ಸಹಾಯಧನವನ್ನು ನೆವಾಡಾ ಸಾವಿರಾರು ಕುಟುಂಬಗಳಿಗೆ ಕಡಿತ ಮಾಡಿದಾಗ, 1971ರ ಮಾರ್ಚ್ 6ರಂದು ಅವರೂ ಅವರಂಥ ತಾಯಂದಿರೂ ಸಾವಿರಾರು ಜನರ ಜೊತೆ ಸ್ಟ್ರಿಪ್‌ನಲ್ಲಿ ನಡೆದು ಸೀದಾ ಸೀಸರ್ಸ್ ಪ್ಯಾಲೇಸ್ ಒಳಗೆ ನುಗ್ಗಿದರು. ಅಲ್ಲಿ ಜೂಜು ನಿಂತುಹೋಯಿತು. ಅದೇ ಹೋರಾಟದಲ್ಲಿ ಇನ್ನೊಂದು ದಿನ ಮಕ್ಕಳನ್ನೆಲ್ಲ ಕರೆದುಕೊಂಡು ಸ್ಟಾರ್‌ಡಸ್ಟ್ ಹೋಟೆಲಿನ ಊಟದ ಹಾಲಿಗೆ ಹೋದರು. ಕೂತರು, ಆರ್ಡರ್ ಮಾಡಿದರು, ಹೊಟ್ಟೆ ತುಂಬ ಉಂಡರು, ದುಡ್ಡು ಕೊಡಲಿಲ್ಲ. ಆ ತಿಂಗಳೇ ಫೆಡರಲ್ ನ್ಯಾಯಾಧೀಶರು ಸಹಾಯಧನ ವಾಪಸ್ ಕೊಡಿ ಅಂತ ಆದೇಶಿಸಿದರು.

ಅಗ್ಗದ ಊಟದ ಕಾಲವೂ ಈಗ ಹೋಯಿತು. 1992ರಲ್ಲಿ ವುಲ್ಫ್‌ಗ್ಯಾಂಗ್ ಪಕ್ ಸೀಸರ್ಸ್ ಪಕ್ಕದ ಫೋರಂ ಶಾಪ್ಸ್‌ನಲ್ಲಿ ಸ್ಪಾಗೊ ತೆರೆದ ಮೇಲೆ ಊಟವೇ ಲಾಭದ ಬಾಬತ್ತಾಯಿತು. 2020ರ ಕೋವಿಡ್‌ನಲ್ಲಿ ಮುಚ್ಚಿದ ಎಷ್ಟೋ ಬಫೆಗಳು ಮತ್ತೆ ತೆರೆಯಲೇ ಇಲ್ಲ.

ಮೂಲಾ ರೂಜ್ 2003ರಲ್ಲಿ ಬೆಂಕಿಗೆ ಸಿಕ್ಕಿತು, ಉಳಿದದ್ದನ್ನು ಆಮೇಲೆ ಕೆಡವಿದರು. ಅದರ ಬೋರ್ಡು ಮಾತ್ರ ಉಳಿದಿದೆ. ಅದನ್ನು ವಿನ್ಯಾಸ ಮಾಡಿದವರು ಬೆಟ್ಟಿ ವಿಲಿಸ್. ನೀವು ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆಯುವ ‘ವೆಲ್‌ಕಮ್ ಟು ಫ್ಯಾಬ್ಯುಲಸ್ ಲಾಸ್ ವೆಗಾಸ್’ ಫಲಕವೂ ಅವರದೇ. ಮೂಲಾ ರೂಜ್‌ನ ಗುಲಾಬಿ ಅಕ್ಷರಗಳು ಈಗ ಡೌನ್‌ಟೌನಿನ ನಿಯಾನ್ ಮ್ಯೂಸಿಯಮ್ಮಿನಲ್ಲಿವೆ, ದೀಪ ಹತ್ತಿಸಿದ್ದಾರೆ. ಮುಂದಿನ ಸಲ ಹೋದರೆ ಸಂಜೆ ಹೊತ್ತು ಹೋಗಿ.