ಗಾಳವೂ ಗೆಳೆತನದ ಹುರುಡೂ

ತಾಂಡೂರಿನ ಕಡೆಯಿಂದ ಇಳಿದುಬರುವ ಕಾಗಿಣಾ ನದಿಯು ಸೇಡಂ ಸೀಮೆಯನ್ನು ಹೊಕ್ಕು, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹಾದು, ಚಿತ್ತಾಪುರದ ನೆಲವನ್ನು ತೋಯಿಸಿ, ಶಹಾಬಾದಿನ ಬಳಿಯ ಹೊನಗುಂಟದಲ್ಲಿ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಮುಲ್ಲಾಮಾರಿಯೂ ಕಾಗಿಣೆಯ ಮೂಲಕವೇ ಭೀಮೆಯ ಪಾಲಾಗುವುದು. ಈ ಹಾಸುಗಲ್ಲಿನ ಪಾತ್ರದ ಮಡುಗಳಲ್ಲಿ ಗಾಳವಿಕ್ಕಿ ಕುಳಿತವನನ್ನು ಕಂಡರೆ ನಮ್ಮವರು ಅವನನ್ನು ಹೊಟ್ಟೆಪಾಡಿನವನೆಂದೋ ಕೆಲಸಗೇಡಿಯೆಂದೋ ಎಣಿಸಿಬಿಡುವುದು ವಾಡಿಕೆ. ಗಾಳ ಹಾಕುವುದೊಂದು ವಿದ್ಯೆ, ಅದಕ್ಕೆ ಗ್ರಂಥವುಂಟು, ಅದರಲ್ಲಿ ಪಂಥ ಹುರುಡುಗಳುಂಟು ಎಂದರೆ ಆಂಗ್ಲೇಯರ ಹುಚ್ಚಾಟವೆಂದು ನಕ್ಕಾರು. ಆದರೆ ಆ ವಿದ್ಯೆಯ ಬಲು ಹಳೆಯ ಗ್ರಂಥಗಳಲ್ಲೊಂದು ಹುಟ್ಟಿದ್ದು ನಮ್ಮ ಈ ಪ್ರಾಂತದಲ್ಲಿಯೇ ಎಂಬುದನ್ನು ವಾಚಕರ ಮುಂದಿಡುವುದಕ್ಕಾಗಿ ಈ ಲೇಖನವು.

ರಾಷ್ಟ್ರಕೂಟರ ಮಾನ್ಯಖೇಟವು 973ರಲ್ಲಿ ಚಾಲುಕ್ಯ ತೈಲಪನ ಕೈಸೇರಿತು. ಮುಂದೆ ಚಾಲುಕ್ಯರ ರಾಜಧಾನಿಯು ಕಲ್ಯಾಣಕ್ಕೆ ಸಾಗಿತು. ಆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಪಟ್ಟವಾಳಿದನು. ಭೂಲೋಕಮಲ್ಲನೆಂಬ ಬಿರುದಿದ್ದರೂ ಈತನ ಕೀರ್ತಿಯು ನಿಂತಿರುವುದು ಕತ್ತಿಯ ಮೇಲಲ್ಲ, ಕಂಠದ ಮೇಲೆ. 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ'ಯೆಂಬ ಈತನ ಸಂಸ್ಕೃತ ಗ್ರಂಥವು ಐದು ವಿಂಶತಿಗಳದು. ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ನಾಲ್ಕನೆಯ ವಿಂಶತಿಯು ಅರಸನ ವಿನೋದಗಳಿಗೆ ಮೀಸಲು. ಆನೆ ಕುದುರೆಗಳ ಆಟ, ಮಲ್ಲರ ಕಾಳಗ, ಕೋಳಿಯಂಕ, ಟಗರಿನ ಕಾಳಗ ಇವೆಲ್ಲ ಮುಗಿದಮೇಲೆ, ಡೇಗೆಯ ಬೇಟೆಗೂ ಮೃಗಬೇಟೆಗೂ ನಡುವೆ, ಮತ್ಸ್ಯವಿನೋದವೆಂಬ ಅಧ್ಯಾಯವು ಬರುತ್ತದೆ.

ಮೀನನ್ನು ಬಡಿದು ತಿನ್ನುವ ವಿಚಾರವಲ್ಲ ಅಲ್ಲಿಯದು. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವೆಷ್ಟು, ಸಣ್ಣವೆಷ್ಟು ಎಂದು ಮೂವತ್ತಕ್ಕೂ ಮಿಕ್ಕ ಜಾತಿಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಮೇವಿನಲ್ಲಿ ಆಸೆಯೆಂಬುದನ್ನು ತಿಳಿಸಿ, ಮೀನುಗಳನ್ನು ಮೊದಲು ಮೇವಿಕ್ಕಿ ಪಳಗಿಸಿ, ಅನಂತರ ಕೋಲು, ದಾರ, ಗಾಳಗಳನ್ನು ಹೂಡುವ ಕ್ರಮವನ್ನು ಹೇಳಿದೆ. ಇಂಗ್ಲೆಂಡಿನಲ್ಲಿ ಗಾಳವಿದ್ಯೆಯ ಮೊದಲ ಅಚ್ಚಿನ ಪ್ರಬಂಧವು ಹೊರಬಂದುದು 1496ರಲ್ಲಿ; ಐಸಾಕ್ ವಾಲ್ಟನ್ನನ ಹೆಸರುವಾಸಿಯಾದ ಪುಸ್ತಕವು 1653ರದು. ನಮ್ಮ ಸೋಮೇಶ್ವರನು ಮೊದಲಿನದಕ್ಕಿಂತಲೂ ಮೂರೂವರೆ ಶತಮಾನ ಹಿಂದಿನವನು. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಕಣ್ಣಿಗೆ ಬೀಳುವಂತೆ ಮಾಡಿದರು. ಅರಸನು ತಾನೇ ದಡದಲ್ಲಿ ಕುಳಿತು ಕೋಲು ಹಿಡಿದನೋ, ಬೆಸ್ತರ ಬಾಯಿಂದ ಕೇಳಿ ಬರೆಯಿಸಿದನೋ ಎಂದು ಕೇಳುವವರಿದ್ದಾರೆ. ನನಗೆ ತೋರುವ ಮಟ್ಟಿಗೆ ಎರಡೂ ನಡೆದಿರಬೇಕು. ಇಷ್ಟು ಜಾತಿಗಳ ಹೆಸರೂ ಅವುಗಳ ನಾಲಗೆಯ ರುಚಿಯೂ ಅರಮನೆಯ ಉಪ್ಪರಿಗೆಯಲ್ಲಿ ಕುಳಿತವನಿಗೆ ತಾವಾಗಿ ಹೊಳೆಯುವಂತಹವಲ್ಲ. ಬಲೆ ಹಿಡಿದ ಜನರ ಋಣವು ಆ ಶ್ಲೋಕಗಳಲ್ಲಿ ಎದ್ದು ಕಾಣುತ್ತದೆ.

ಇನ್ನು ಕಡಲಾಚೆಯ ಮಾತು. ಸ್ಕಾಟ್ಲೆಂಡಿನಲ್ಲಿ ಸ್ಪೇ ಎಂಬುದೊಂದು ನದಿ; ಅಗಲವಾದುದು, ಸೆಳವು ಬಲವಾದುದು. ಅಲ್ಲಿ ಸಾಲ್ಮನ್ ಮೀನನ್ನು ಹಿಡಿಯುವವರು ಹುಳುವನ್ನಾಗಲಿ ಹಿಟ್ಟನ್ನಾಗಲಿ ಕಟ್ಟುವುದಿಲ್ಲ. ಗರಿಯನ್ನೂ ರೇಷ್ಮೆಯನ್ನೂ ಸುತ್ತಿ ಮಾಡಿದ ಕೃತಕ ನೊಣವನ್ನು ಗಾಳಕ್ಕೆ ತೊಡಿಸುತ್ತಾರೆ. ನಮ್ಮ ದಕ್ಷಿಣದ ಅಡವಿಗಳ ಬೂದುಬಣ್ಣದ ಕಾಡುಕೋಳಿಯ ಕೊರಳ ಗರಿಗೆ ಆ ನೊಣಗಳಲ್ಲಿ ದೊಡ್ಡ ಮಾನ್ಯತೆಯಿದ್ದಿತೆಂಬುದು ಒಂದು ಸ್ವಾರಸ್ಯ. ನೊಣಕ್ಕೆ ತೂಕವಿಲ್ಲ, ತೂಕವಿರುವುದು ದಾರಕ್ಕೆ. ಆದುದರಿಂದ ದಾರವನ್ನು ಬೆನ್ನ ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆಯುವುದು ಸಾಮಾನ್ಯ ಪದ್ಧತಿ. ಸ್ಪೇ ನದಿಯ ದಂಡೆಯಾದರೋ ಅನೇಕ ಕಡೆ ಕಡಿದಾಗಿದೆ, ಮರಗಳು ಒತ್ತಾಗಿವೆ; ಹಿಂದಕ್ಕೆ ಬೀಸಿದರೆ ಗಾಳವು ಕೊಂಬೆಗೆ ಸಿಕ್ಕಿಕೊಳ್ಳುವುದು. ಅದಕ್ಕಾಗಿ ಅಲ್ಲಿಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೊಂದು ಎಸೆತವನ್ನು ಬಳಕೆಗೆ ತಂದರು. ಎರಡು ಕೈಗಳಿಂದ ಹಿಡಿಯುವ, ಎರಡಾಳೆತ್ತರವನ್ನೂ ಮೀರುವ ಕೋಲು; ದಾರದ ತುದಿಯು ತಮ್ಮ ಮುಂದೆಯೇ ನೀರನ್ನು ಮುಟ್ಟಿರುವಂತೆ ಮಗ್ಗುಲಲ್ಲಿ ಒಂದು ಕುಣಿಕೆಯಾಗಿ ಬಳಸಿ, ನೀರು ದಾರವನ್ನು ಕಚ್ಚಿ ಹಿಡಿದಿರುವ ಆ ಕ್ಷಣದಲ್ಲಿಯೇ ಮುಂದಕ್ಕೆ ಚಿಮ್ಮುವುದು. ನೀರಿನ ಹಿಡಿತವೇ ಕೋಲನ್ನು ಬಗ್ಗಿಸಿ ಅದಕ್ಕೆ ಬಿಲ್ಲಿನ ಬಲವನ್ನು ಕೊಡುತ್ತದೆ. ಇದಕ್ಕೆ ಸ್ಪೇ ಎಸೆತವೆಂದೂ ಆ ಕೋಲಿಗೆ ಸ್ಪೇ ಕೋಲೆಂದೂ ಹೆಸರು. ಗಯಾನಾ ದೇಶದ ಗ್ರೀನ್‌ಹಾರ್ಟ್ ಮರದಿಂದ ಮೊದಲು, ಸೀಳಿದ ಬಿದಿರಿನಿಂದ ಬಳಿಕ, ಈಗೀಗ ಇಂಗಾಲದ ಎಳೆಗಳಿಂದ ಅದನ್ನು ಮಾಡುತ್ತಾರೆ. ಯಾವ ಕೋಲು ಎಷ್ಟು ಗಜ ದೂರ ದಾರವನ್ನು ಒಯ್ಯುವುದೆಂಬ ವಾದವು ಅಲ್ಲಿಯ ದಡಗಳಲ್ಲಿ ಇಂದಿಗೂ ತೀರಿಲ್ಲ. ಗೆಳೆಯರ ನಡುವಣ ಇಂತಹ ವಾದವು ತೀರಬಾರದೆಂಬುದೇ ಅವರ ಒಳಗಿನ ಆಸೆಯೆಂದು ತೋರುತ್ತದೆ.

ಸಾಲ್ಮನ್ ಹಿಡಿದು ಪಳಗಿದ ಈ ಜನರು ಹಿಂದೂಸ್ಥಾನಕ್ಕೆ ಬಂದು ಮಹಶೀರ ಮೀನನ್ನು ಕಂಡಾಗ ಹೊಸ ಹುರುಡು ಹುಟ್ಟಿತು. ಇದರ ಮುಖ್ಯ ವಕೀಲನು ಕನ್ನಡ ನಾಡಿನಲ್ಲಿಯೇ ಅಧಿಕಾರ ನಡೆಸಿದವನು. ಹೆನ್ರಿ ಸಲಿವನ್ ಥಾಮಸನು ಮದ್ರಾಸು ಸಿವಿಲ್ ಸರ್ವಿಸಿನವನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದನು. ಸಣ್ಣ ಕಣ್ಣಿನ ಬಲೆ ಬೋನುಗಳಿಂದಲೂ ಹೊಳೆಗೆ ವಿಷ ಕಲಸುವುದರಿಂದಲೂ ಮರಿಮೀನುಗಳು ಹಾಳಾಗುತ್ತಿರುವುದನ್ನು ಕಂಡು, ಆ ಜಿಲ್ಲೆಯ ಮೀನಿನ ಸಾಕಣೆಯ ವಿಷಯವಾಗಿ 1870ರಲ್ಲಿ ವರದಿಯೊಂದನ್ನು ಬರೆದನು. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕದಲ್ಲಿ, ತೂಕಕ್ಕೆ ತೂಕ ಹೋಲಿಸಿದರೆ ಮಹಶೀರವು ಸಾಲ್ಮನ್ನಿಗಿಂತ ಗಟ್ಟಿಯಾಗಿ ಸೆಣಸುವುದೆಂದು ವಾದಿಸಿದನು. ಸ್ವದೇಶದ ಮೀನಿನ ಅಭಿಮಾನಿಗಳಿಗೆ ಇದು ಸಹಿಸದ ಮಾತು. ಹೀಗೆ ಎರಡು ಮೀನುಗಳ ಪಕ್ಷ ಹಿಡಿದು, ಎರಡು ಖಂಡಗಳ ಗಾಳಗಾರರು ಒಬ್ಬರನ್ನೊಬ್ಬರು ಕೆಣಕುತ್ತ ಬಂದರು.

ಮೈಸೂರು ಸೀಮೆಯ ಕಾವೇರಿ ಕಬಿನಿಗಳು ಈ ಹುರುಡಿನ ಕಣವಾದುವು. ಅಲ್ಲಿಯ ಮಹಶೀರವು ಬೆನ್ನಮೇಲೆ ಡುಬ್ಬವುಳ್ಳದ್ದು, ಜಗತ್ತಿನ ಮಹಶೀರಗಳಲ್ಲೆಲ್ಲ ದೊಡ್ಡದು. 1906ರಲ್ಲಿ ಮರ್ರೆ ಏನ್ಸ್ಲಿ ಎಂಬವನು 104 ಪೌಂಡಿನ ಮೀನನ್ನು ಹಿಡಿದನು. 1919ರಲ್ಲಿ ರಿವೆಟ್ ಕಾರ್ನಾಕನು 119 ಪೌಂಡು. ಇಪ್ಪತ್ತೇಳು ವರ್ಷಗಳ ತರುವಾಯ, 1946ರಲ್ಲಿ, ಮೃಗಗಳ ಚರ್ಮಕ್ಕೆ ಜೀವಕಳೆ ತುಂಬುವ ಕಸುಬಿಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿವೆಟ್ ವ್ಯಾನ್ ಇಂಗೆನ್ನರು ಕಬಿನಿಯಲ್ಲಿ 120 ಪೌಂಡಿನದನ್ನು ಎಳೆದರು. ಒಂದೇ ಒಂದು ಪೌಂಡಿನ ಗೆಲುವು! ಅದನ್ನು ಮೀರಿಸಿದ ದಾಖಲೆಯು ಬಂದಿಲ್ಲ. ಈ ಹೊಳೆಗಳಲ್ಲಿ ಸಾಹೇಬನ ಗರಿಯ ನೊಣವು ಹಿಂದೆ ಬಿದ್ದು ನಮ್ಮವರ ರಾಗಿಮುದ್ದೆಯು ಮುಂದಾಯಿತೆಂಬುದನ್ನೂ ಹೇಳಿಬಿಡಬೇಕು. ಮೀನು ಯಾವ ಬಂಡೆಯ ಮರೆಯಲ್ಲಿ ನಿಂತಿದೆ, ಮುದ್ದೆಯನ್ನು ಎಷ್ಟು ಗಟ್ಟಿಯಾಗಿ ಕಟ್ಟಬೇಕು, ಹರಿಗೋಲನ್ನು ಎಲ್ಲಿ ತಿರುಗಿಸಬೇಕು ಎಂಬುದನ್ನು ಬಲ್ಲವರು ದಡದ ಹಳ್ಳಿಗಳವರೇ. ದಾಖಲೆಯ ಪುಸ್ತಕಗಳಲ್ಲಿ ಮಾತ್ರ ಅವರ ಹೆಸರಿಲ್ಲ.

ಸ್ವಾತಂತ್ರ್ಯಾನಂತರ ಈ ಮೀನನ್ನು ಹೊರಗಿನವರು ಮರೆತೇಬಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ತರುಣರು ಬಂದು ಕಾವೇರಿಯಲ್ಲಿ ಅದನ್ನು ಮತ್ತೆ ಕಂಡು ಹೆಸರು ಹಬ್ಬಿಸಿದರು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳಗಾರರ ಬಿಡದಿಗಳಾದುವು. ಈಗಿನ ನಿಯಮವು ಬೇರೆಯಾಗಿತ್ತು: ಹಿಡಿದ ಮೀನನ್ನು ಅಳೆದು, ಬರೆದುಕೊಂಡು, ಹೊಳೆಗೇ ಬಿಡಬೇಕು. ಇಂಚುಗಳಲ್ಲಿ ಉದ್ದವನ್ನು ಸುತ್ತಳತೆಯ ವರ್ಗದಿಂದ ಗುಣಿಸಿ 800ರಿಂದ ಭಾಗಿಸಿದರೆ ಪೌಂಡುಗಳು ಬರುವುವೆಂಬುದು ಗಾಳಗಾರರಲ್ಲಿ ರೂಢಿಯಾದ ಲೆಕ್ಕ. ಸುತ್ತಳತೆಯನ್ನು ಎರಡು ಸಲ ಗುಣಿಸುವುದರಿಂದ ಪಟ್ಟಿಯನ್ನು ಒಂದಿಂಚು ಸಡಿಲ ಹಿಡಿದರೂ ಮೀನಿನ ತೂಕವು ಕೆಲವು ಪೌಂಡು ಏರುವುದು. ಗೆಳೆಯರು ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಕಣ್ಣಿಟ್ಟು ನೋಡುತ್ತಿದ್ದುದರಲ್ಲಿ ಆಶ್ಚರ್ಯವೇನು?

ಈ ಕಣ್ಣಿಟ್ಟು ನೋಡುವ ಹುರುಡಿನಿಂದಲೇ ಒಂದು ಉಪಕಾರವಾಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಮಿಕ್ಕ ಮಹಶೀರಗಳ ಲೆಕ್ಕವು ಪುಸ್ತಕಗಳಲ್ಲಿ ಉಳಿದಿತ್ತು. ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು 2015ರಲ್ಲಿ ಅವನ್ನು ತೂಗಿ ನೋಡಲಾಗಿ, ಮೀನುಗಳ ಸಂಖ್ಯೆಯು ಏರಿದ್ದರೂ ಏರಿದುದು ನೀಲಿ ರೆಕ್ಕೆಯ ಬೇರೊಂದು ಮಹಶೀರದ ಸಂಖ್ಯೆಯೆಂದೂ, ಕಾವೇರಿಯ ಸ್ವಂತ ಡುಬ್ಬದ ಮಹಶೀರವು ಇಲ್ಲವಾಗುತ್ತ ಬಂದಿದೆಯೆಂದೂ ಗೊತ್ತಾಯಿತು. ಮೀನು ಹೆಚ್ಚಿತೆಂದು ಎಲ್ಲರೂ ಸಂತೋಷಪಡುತ್ತಿದ್ದ ಕಾಲದಲ್ಲಿಯೇ ಮನೆಯೊಡೆಯನು ಮನೆಯಿಂದ ಹೊರಟುಹೋಗುತ್ತಿದ್ದನು.

ಆ ನೀಲಿ ರೆಕ್ಕೆಯದು ಬಂದುದೆಲ್ಲಿಂದ? ಇಲ್ಲಿ ಕಥೆಯು ನಮ್ಮ ಭೀಮೆಗೆ ತಿರುಗುತ್ತದೆ. ಕರ್ನಲ್ ಸೈಕ್ಸನೆಂಬವನು ದಖ್ಖನಿನ ಮೀನುಗಳನ್ನು ಕುರಿತು 1839ರಲ್ಲಿ ಬರೆದಾಗ, ಪುಣೆಯ ಬಳಿಯ ಮುಳಾಮುಠೆಯಲ್ಲಿ ದೊರೆತ ಈ ಮೀನಿಗೆ, ಅಲ್ಲಿಯವರು ಕರೆಯುತ್ತಿದ್ದಂತೆ, ಖುದ್ರೀ ಎಂದು ಹೆಸರಿಟ್ಟನು. ಮುಳಾಮುಠೆಯು ಭೀಮೆಯ ಉಪನದಿ. ಲೋಣಾವಳೆಯಲ್ಲಿ ಟಾಟಾ ಕಂಪನಿಯವರು ಇದೇ ಮೀನಿನ ಮರಿ ಮಾಡಿಸುವ ಕೇಂದ್ರವನ್ನು ನಡೆಯಿಸಿದರು. ಕ್ಷೀಣಿಸುತ್ತಿದ್ದ ಹೊಳೆಗಳನ್ನು ತುಂಬಿಸಬೇಕೆಂಬ ಸದುದ್ದೇಶದಿಂದ ಅಲ್ಲಿಯ ಮರಿಗಳನ್ನು ಕಾವೇರಿಗೂ ಬಿಟ್ಟರು. ಮಹಶೀರವೆಲ್ಲ ಒಂದೇ ಎಂಬ ಎಣಿಕೆಯು ಆಗ ಸಾಮಾನ್ಯವಾಗಿತ್ತು. ಇನ್ನೂ ಒಂದು ವಿನೋದವೇನೆಂದರೆ, ಕಾವೇರಿಯ ಮೀನಿಗೆ ಬಹುಕಾಲ ಅಂಟಿಕೊಂಡಿದ್ದ ಮುಸ್ಸುಲ್ಲಾ ಎಂಬ ಶಾಸ್ತ್ರೀಯ ನಾಮವೂ ಸೈಕ್ಸನು ಶಿರೂರಿನ ಬಳಿಯ ಘೋಡ ನದಿಯ ಮತ್ತೊಂದು ಮೀನಿಗೆ ಕೊಟ್ಟದ್ದು. ಆ ಘೋಡವೂ ಭೀಮೆಯನ್ನು ಸೇರುವುದೇ. ಹೆಸರನ್ನು ಮರೆಸಿದುದೂ ನಮ್ಮ ಹೊಳೆಯ ಮೀನು, ಮನೆಯನ್ನು ಆಕ್ರಮಿಸಿದುದೂ ನಮ್ಮ ಹೊಳೆಯ ಮೀನು. ಹೊನಗುಂಟದ ಸಂಗಮದಲ್ಲಿ ನಿಂತು ಆ ನೀರನ್ನು ನೋಡುವಾಗ ನನಗೆ ಕೊಂಚ ನಾಚಿಕೆಯಾಗುವುದುಂಟು. ಮೀನಿನದು ಇದರಲ್ಲಿ ತಪ್ಪಿಲ್ಲವೆಂಬುದನ್ನು ಬಲ್ಲೆನಾದರೂ.

ಕಾವೇರಿ ವನ್ಯಧಾಮದೊಳಗಣ ಗಾಳದಾಟವು ವನ್ಯಜೀವಿ ಕಾಯಿದೆಯ ಕಾರಣದಿಂದ ನಿಂತುಹೋಯಿತು. ಗಾಳಗಾರರ ಕಾವಲಿದ್ದುದರಿಂದಲೇ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ದೂರವಿದ್ದರೆಂದು ಒಂದು ಪಕ್ಷ. ಬಾಯಿಗೆ ಗಾಳ ಚುಚ್ಚಿ ಬಿಡುವುದು ರಕ್ಷಣೆಯೇ ಎಂದು ಇನ್ನೊಂದು ಪಕ್ಷ. ಎರಡನೆಯವರ ಮರುಕವನ್ನು ನಾನು ಗೌರವಿಸುತ್ತೇನೆ. ಆದರೂ ಆ ಲೆಕ್ಕದ ಪುಸ್ತಕಗಳಿಲ್ಲದಿದ್ದರೆ ಡುಬ್ಬದ ಮೀನು ಹೋದುದೇ ತಿಳಿಯುತ್ತಿರಲಿಲ್ಲ ಎಂಬುದನ್ನು ಅವರು ಅಲ್ಲಗಳೆಯಲಾರರು.

2018ರಲ್ಲಿ ಪಿಂಡರ್ ಮತ್ತು ಸಂಗಡಿಗರು ಡುಬ್ಬದ ಮಹಶೀರಕ್ಕೆ ಸರಿಯಾದ ಹೆಸರನ್ನು ಗೊತ್ತುಮಾಡಿದರು: ಟಾರ್ ರೆಮಾದೇವಿ. 2007ರಲ್ಲಿ ಪಾಂಬಾರು ಎಂಬ ಕಾವೇರಿಯ ಉಪನದಿಯ ಸಣ್ಣ ಮೀನುಗಳನ್ನು ನೋಡಿ ಇಟ್ಟಿದ್ದ ಹೆಸರೇ ಅದು. ದೈತ್ಯನಿಗೂ ಆ ಮರಿಗಳಿಗೂ ಒಂದೇ ಕುಲವೆಂದು ಕಂಡುಬಂದಿತು. ಅದೇ ವರ್ಷ ಅದು ತೀರ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಹೆಸರಿನ ನಿರ್ಣಯಕ್ಕೆ ಬೇಕಾದ ದೊಡ್ಡ ಡುಬ್ಬದ ಮೀನುಗಳು ಅವರಿಗೆ ದೊರೆತುದು ಕಾವೇರಿಯ ಹಿರಿಯ ಹರಿವಿನಲ್ಲಲ್ಲ, ಭವಾನಿಗೆ ಕೂಡುವ ಮೋಯಾರಿನ ಕಣಿವೆಯಲ್ಲಿ. ಅವನ್ನು ಹಿಡಿದುದೂ ಕೋಲು, ದಾರ, ಗಾಳಗಳಿಂದಲೇ.