ಮಳೆಗಾಲ ಕಳೆದ ಯೆಜ್ಡಿ: ಕೆಟ್ಟದ್ದು ಟೈಮಿಂಗೋ, ಪಾಯಿಂಟೋ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಹಳೆಯ ಯೆಜ್ಡಿಯನ್ನು ಅಕ್ಟೋಬರಿನಲ್ಲಿ ಮಣ್ಣಿನ ದಾರಿಗಿಳಿಸಲು ಹೊರಟಾಗ, ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ ಮೊದಲು ಕೇಳಿಬರುವ ಮಾತು: “ಟೈಮಿಂಗ್ ಹೋಯ್ತ್ ಮರಾಯ್ರೆ.” ಕೂಡಲೇ ಡೈನಮೋ ಕವರ್ ಬಿಚ್ಚಿ ಪ್ಲೇಟ್ ತಿರುಗಿಸುತ್ತಾರೆ. ನಿಂತ ಗಾಡಿಯ ಮಟ್ಟಿಗೆ ಈ ತೀರ್ಮಾನ ಹೆಚ್ಚಾಗಿ ತಪ್ಪು ಎಂಬುದು ನನ್ನ ವಾದ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ಕಟ್ಟಿದ ಈ ಟೂ-ಸ್ಟ್ರೋಕ್ ಗಾಡಿಗಳ ಮೂಲ ಚೆಕ್ ದೇಶದ ಜಾವಾ. ಹಳೆಯ 250 ಸಿ.ಸಿ. ಗಾಡಿಯ ಸಿಲಿಂಡರಿನ ಅಡ್ಡಳತೆ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಪಿಸ್ಟನ್ ತುದಿ ಮುಟ್ಟಲು 3 ಮಿ.ಮೀ. ಇರುವಾಗ ಕಿಡಿ ಹಾರುತ್ತದೆ ಎಂದಿಟ್ಟುಕೊಂಡರೆ, ಕ್ರ್ಯಾಂಕಿನ ಲೆಕ್ಕದಲ್ಲಿ ಅದು ಸುಮಾರು 20 ಡಿಗ್ರಿ. ಒಂದೇ ಮಿ.ಮೀ. ತಪ್ಪಿ 2ಕ್ಕೆ ಇಳಿದರೆ ಸುಮಾರು 4 ಡಿಗ್ರಿ ತಡ.

ಟೈಮಿಂಗ್, ಅಂದರೆ ಕಿಡಿ ಹಾರುವ ಈ ಗಳಿಗೆ, ಸರಿಯುವುದು ಓಡಾಟದಿಂದ. ಕಾಯಿಲ್‌ನ ಕರೆಂಟನ್ನು ಮುಚ್ಚಿ ತೆರೆದು ಕಿಡಿ ಹಾರಿಸುವ ಸ್ವಿಚ್ಚೇ ಪಾಯಿಂಟ್. ಕ್ಯಾಮ್‌ಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದರೆ ಪಾಯಿಂಟ್ ಗ್ಯಾಪ್ ಕಿರಿದಾಗಿ ಕಿಡಿ ತಡವಾಗುತ್ತದೆ; ಪಾಯಿಂಟಿನ ಮುಖವೇ ಸುಟ್ಟು ಸವೆದರೆ ಗ್ಯಾಪ್ ಹಿಗ್ಗಿ ಕಿಡಿ ಬೇಗವಾಗುತ್ತದೆ. ಆದ್ದರಿಂದಲೇ ಮೊದಲು ಗ್ಯಾಪ್ 0.4 ಮಿ.ಮೀ.ಗೆ ತಂದು, ಆಮೇಲೆ ಟೈಮಿಂಗ್ ಇಡಬೇಕು. ಈ ಕ್ರಮ ತಿರುವುಮುರುವಾದರೆ ಇಟ್ಟ ಟೈಮಿಂಗ್ ಗ್ಯಾಪ್ ಸರಿಮಾಡುವಾಗ ಮತ್ತೆ ಕದಲುತ್ತದೆ. ಆದರೆ ನಾಲ್ಕು ತಿಂಗಳು ಕದಲದೆ ನಿಂತ ಎಂಜಿನ್ನಿನಲ್ಲಿ ಸವೆಯುವುದಾದರೂ ಏನು?

ಕೆಡುವುದು ಪಾಯಿಂಟಿನ ಮುಖ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಲೋಹದ ಮೇಲೆ ಕಿಲುಬಿನ ಪದರ ಕಟ್ಟುತ್ತದೆ. ಪಾಯಿಂಟ್ ಮುಚ್ಚಿದರೂ ಕರೆಂಟ್ ಪೂರ್ತಿ ಹರಿಯುವುದಿಲ್ಲ. 6 ವೋಲ್ಟಿನ ಗಾಡಿಗೆ ಇದು ದೊಡ್ಡ ಪೆಟ್ಟು: ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ಅರ್ಧಕ್ಕಿಳಿದರೆ ಅಲ್ಲಿ ಶೇಖರವಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಕಿಡಿ ಹೊತ್ತಿಗೆ ಸರಿಯಾಗಿಯೇ ಬರುತ್ತದೆ, ಆದರೆ ಅದರಲ್ಲಿ ಕಸುವಿಲ್ಲ.

ನಮ್ಮ ಮೆಕ್ಯಾನಿಕ್‌ಗಳ ಸಿಗರೇಟ್ ಪೇಪರ್ ಉಪಾಯ ನನಗೆ ಬಹಳ ಇಷ್ಟ. ಪಾಯಿಂಟ್ ನಡುವೆ ಪೇಪರ್ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಎಂಜಿನ್ ತಿರುಗಿಸಿದರೆ, ಅದು ನುಣುಚಿದ ಗಳಿಗೆಯೇ ಪಾಯಿಂಟ್ ತೆರೆದ ಗಳಿಗೆ. ಬೆರಳಿಗೇ ಗೊತ್ತಾಗುತ್ತದೆ. ಆದರೆ ತೆರೆಯುವ ಗಳಿಗೆಯನ್ನು ಹೇಳುವ ಪೇಪರ್, ಮುಚ್ಚಿದಾಗ ಕರೆಂಟ್ ಹರಿಯುತ್ತಿದೆಯೇ ಎಂದು ಹೇಳಲಾರದು. ಅದಕ್ಕೆ ಮೀಟರೇ ಬೇಕು. ಇಗ್ನಿಷನ್ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ ಅದರ ಎರಡೂ ಬದಿಗೆ ಮೀಟರ್ ಹಿಡಿದರೆ ಓದು ಸೊನ್ನೆಗೆ ತೀರಾ ಹತ್ತಿರವಿರಬೇಕು.

ತ್ರಾಸಿಯ ಬಳಿ ಒಂದು ಮನೆಯಲ್ಲಿ ಹೀಗೆ ಹಿಡಿದಾಗ ಮುಳ್ಳು 1 ವೋಲ್ಟ್ ದಾಟಿತು. ಸಣ್ಣ ಅರದಿಂದ ಎರಡೆಳೆ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು. ಮೂರನೆಯ ಕಿಕ್ಕಿಗೆ ನೀಲಿ ಹೊಗೆ ಎದ್ದಿತು. ಪ್ಲೇಟಿನ ಮೇಲೆ ಯಾರೋ ಹಿಂದೆಂದೋ ಮೊಳೆಯಿಂದ ಗೀಚಿದ್ದ ಟೈಮಿಂಗ್ ಗುರುತು, ಕೇಸಿಂಗಿನ ಗುರುತಿಗೆ ಕೂದಲೆಳೆಯೂ ತಪ್ಪದೆ ಕೂಡಿಕೊಂಡಿತ್ತು.