ಕೊಕ್ಕೆ, ಬಲೆ ಮತ್ತು ಕಾವೇರಿಯ ಮೀನು

ಮೀನಿಗೆ ಜಬಹ್ ಬೇಕಿಲ್ಲ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೆ ಕೊಲ್ಲುವಾಗಲೂ ಕತ್ತಿ ಹರಿತವಿರಲಿ, ಜೀವಿಗೆ ನೋವು ಹೆಚ್ಚಾಗದಿರಲಿ ಎಂಬ ಪ್ರವಾದಿಯವರ ಬೋಧನೆ ಮೀನಿನ ವಿಷಯದಲ್ಲಿ ನಮಗೆ ನೆನಪಾಗುವುದು ಕಡಿಮೆ. ಕಾವೇರಿಯ ಮಹಶೀರ್ ಮೀನಿನ ಚರಿತ್ರೆ ಅದನ್ನು ನೆನಪಿಸುತ್ತದೆ.

ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬೇಟೆಯ ಕುರಿತು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆ ಕಾಲದ ಬೇಟೆಗಾರನಿಗೆ ದೊಡ್ಡ ಮೀನನ್ನು ದಡಕ್ಕೆಳೆಯಲು ಗ್ಯಾಫ್ ಎಂಬ ಕಬ್ಬಿಣದ ಕೊಕ್ಕೆ ಸಾಕಾಗಿತ್ತು. ಅದು ಮೈಗೆ ನಾಟಿದ ಮೇಲೆ ಮೀನು ಬದುಕುವ ಪ್ರಶ್ನೆಯೇ ಇರಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಹೆಮ್ಮೆಯೆಲ್ಲ ತೂಕದ್ದು.

1972ರಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿಯ ಮಡುಗಳಲ್ಲಿ ಹಿಡಿದ ಮೀನನ್ನು ಬಿಡುವ ನಿಯಮ ನೆಲೆಯೂರಿತು. ಬಿಡಬೇಕೆಂದ ಮೇಲೆ ಸಲಕರಣೆಯೂ ಬದಲಾಗಲೇಬೇಕಲ್ಲ! ಕೊಕ್ಕೆ ಹಿಂದಾಯಿತು. ಮೀನಿನ ಮೈಮೇಲಿನ ಲೋಳೆಯೇ ಅದರ ರಕ್ಷಾಕವಚ. ಗಂಟಿನ ಒರಟು ಬಲೆ ಅದನ್ನು ಕೆರೆದರೆ ಸೋಂಕು ತಗಲುತ್ತದೆ. ಆದ್ದರಿಂದ ಗಂಟಿಲ್ಲದ, ಅಗಲ ಬಾಯಿಯ ಬಲೆಯೇ ಲೇಸು. ಮುಟ್ಟುವ ಮುನ್ನ ಕೈ ಒದ್ದೆಯಾಗಬೇಕು. ಕಿವಿರಿಗೆ ಬೆರಳು ಹಾಕಿ ಎತ್ತಬಾರದು. ಮುಳ್ಳು ಒತ್ತಿದ ಗಾಳವಾದರೆ ಉದ್ದ ಮೂತಿಯ ಇಕ್ಕಳದಿಂದ ಬೇಗ ಬಿಡಿಸಬಹುದು. ಹಿಡಿದವನ ಬೆರಳೂ ಉಳಿಯುತ್ತದೆ. ಒಂದು ಕಾಲಕ್ಕೆ ಸಿಡಿಮದ್ದು ಎಸೆದು ಮೀನು ಕೊಂದಿದ್ದ ಕೆಲವರೇ ಇಲ್ಲಿ ಮಾರ್ಗದರ್ಶಕರಾಗಿ, ಸೋತ ಮೀನನ್ನು ಹರಿವಿಗೆದುರಾಗಿ ಹಿಡಿದು ಉಸಿರು ಮರಳುವವರೆಗೆ ಕಾಯುವುದನ್ನು ಕಲಿತರು.

ಆದರೂ ಕತೆ ಸುಖಾಂತವಲ್ಲ. ಮೀನು ಹೆಚ್ಚಲೆಂದೇ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಗಿತ್ತು. ಅವು ಹೆಚ್ಚಿದವು, ನದಿಯ ಸ್ವಂತ ಗೂನುಬೆನ್ನಿನ ಮಹಶೀರ್ ಕಾಣೆಯಾಗುತ್ತ ಬಂತು. 2012ರ ಹೊತ್ತಿಗೆ ಅಭಯಾರಣ್ಯದಲ್ಲಿ ಗಾಳದ ಬೇಟೆ ನಿಂತು, ಆ ಮಾರ್ಗದರ್ಶಕರ ಕೆಲಸವೂ ಹೋಯಿತು. ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು.

ಒದ್ದೆ ಕೈ, ಮೆತ್ತನೆಯ ಬಲೆ ಒಂದು ಮೀನನ್ನು ಉಳಿಸಬಲ್ಲವು. ಒಂದು ಸಂತತಿ ಉಳಿಯಬೇಕಾದರೆ ನದಿಯಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳಬೇಕಿತ್ತು. ನಾವು ಹೆಸರು ಕೇಳುವಷ್ಟರಲ್ಲಿ ಅದು ಹೊರಡುವ ಹಾದಿಯಲ್ಲಿತ್ತು.